ನಕಾಶೆ ಕಂಡ ದಾರಿಯಲ್ಲಿ ಒಂಟಿ ಸೈಕಲ್

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಮೊಬೈಲಿಗೆ ಮೆಸೇಜು ಬಂತು. ಭಾನುವಾರದ 200 ಕಿಲೊಮೀಟರ್ ಗ್ರಾವೆಲ್ ರೈಡ್ ರದ್ದು. ಅನುಮತಿ ಸಿಕ್ಕಿಲ್ಲ, ಕಟ್ಟಿದ ಹಣ ವಾಪಸು ಬರುತ್ತದೆ, ಕ್ಷಮೆಯಿರಲಿ. ಅಷ್ಟು ಹೊತ್ತಿಗೆ ನಾನು ಟೈರಿನೊಳಗೆ ತೂತು ಮುಚ್ಚುವ ಹೊಸ ಸೀಲೆಂಟ್ ಸುರಿದು, ಚೈನಿಗೆ ಎಣ್ಣೆ ಬಿಟ್ಟು, ಒಂದು ಡಬ್ಬಿ ಕಡಲೆಬೀಜದ ಚಿಕ್ಕಿ ತಂದಿಟ್ಟಾಗಿತ್ತು.

“ಹಾಗಾದ್ರೆ ಭಾನುವಾರ ಮನೇಲಿರ್ತೀರಿ ಅನ್ನಿ” ಎಂದಳು ಹೆಂಡತಿ, ಅಡುಗೆಮನೆಯಿಂದಲೇ.

ಒಬ್ಬನೇ ಹೋಗಿಬರುತ್ತೇನೆ ಎಂದೆ. ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಹೋಗಿ, ಬೇಡ ಅನ್ನಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿರ್ತೀರಿ, ಕೆಟ್ಟು ನಿಂತ್ರೆ ಯಾರು ಬರ್ತಾರೆ, ಮೂರನ್ನೂ ಒಂದು ಹಾಳೇಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿ.”

ಹಾಳೆ ತೆಗೆದುಕೊಂಡು ಕೂತೆ. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವರ್ಷ ಸಂಘಟಕರು ಹಾಕಿದ ಬಾಣದ ಗುರುತು ನೋಡಿಕೊಂಡು ತುಳಿದವನಿಗೆ ಇರುವುದಾದರೂ ಹೇಗೆ? ಆ ಭಾನುವಾರ ನಾನು ಹೋಗಲಿಲ್ಲ. ಹೋಗಿದ್ದು ಮುಂದಿನ ಭಾನುವಾರ, ಸಂಕ್ರಾಂತಿಯ ಹಿಂದುಮುಂದಿನಲ್ಲಿ. ಈ ಲೇಖನ ನಡುವಿನ ಆ ಎಂಟು ದಿನಗಳ ಲೆಕ್ಕಾಚಾರ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್ಲು, ಗ್ರಾವೆಲ್ ಎಂದರೆ ಕಂಟ್ರಾಕ್ಟರ್ ಮಾತು. “ರಸ್ತೆಗೆ ಗ್ರಾವೆಲ್ ಹೊಡೆಸಿದ್ದೀವಿ” ಎಂದರೆ ಟಾರಿಗೆ ಇನ್ನೂ ದುಡ್ಡು ಬಂದಿಲ್ಲ ಎಂದರ್ಥ. ಗ್ರಾವೆಲ್ ಬೈಕ್ ಮಾತ್ರ ಅಪ್ಪಟ ತುಳಿಯುವ ಸೈಕಲ್ಲೇ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಆಸುಪಾಸಿನ ದಪ್ಪ ಟೈರು, ಅದರಲ್ಲಿ ಗಾಳಿ ಕಡಿಮೆ. ರೋಡ್ ಬೈಕಿನಷ್ಟು ನಾಜೂಕಲ್ಲ, ಮೌಂಟನ್ ಬೈಕಿನಷ್ಟು ಭಾರವಲ್ಲ. ಟಾರು ಮುಗಿದು ಮಣ್ಣು ಶುರುವಾಗುವ ಕಡೆ ಇಳಿಯದೆ ಮುಂದೆ ಹೋಗುವುದಕ್ಕೆ ಹುಟ್ಟಿದ್ದು.

ಈ ಆಟದ ಕಾಶಿ ಇರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ. 2006ರಲ್ಲಿ 34 ಮಂದಿ ಅಲ್ಲಿಂದ ಹೊರಟು ಫ್ಲಿಂಟ್ ಹಿಲ್ಸ್ ಗುಡ್ಡಗಳ ಮಣ್ಣುದಾರಿಯಲ್ಲಿ 200 ಮೈಲಿ ತುಳಿದರು. ಅದು ಬೆಳೆದು ಸಾವಿರಗಟ್ಟಲೆ ಜನ ಸೇರುವ ಜಾತ್ರೆಯಾಯಿತು. ಈಗ ಅದರ ಹೆಸರು ಅನ್‌ಬೌಂಡ್ ಗ್ರಾವೆಲ್. ಆ ಗುಡ್ಡಗಳ ಕಲ್ಲು ಚಕಮಕಿ ಕಲ್ಲಿನ ಜಾತಿ, ಒಡೆದರೆ ಅಂಚು ಬ್ಲೇಡಿನಂತೆ. ಟೈರಿನ ಪಕ್ಕೆ ಸೀಳಿಸಿಕೊಂಡು ಸವಾರರು ಸಾಲಾಗಿ ಕೂತಿರುವ ಚಿತ್ರಗಳನ್ನು ನೀವು ನೋಡಿರಬಹುದು. 2020ರಲ್ಲಿ ಕೊರೊನಾ ಬಂತು. ಮೇ ತಿಂಗಳ ಕೊನೆಗೆ ಇದ್ದದ್ದನ್ನು ಸೆಪ್ಟೆಂಬರಿಗೆ ತಳ್ಳಿದರು, ಆಮೇಲೆ ಅದೂ ರದ್ದು. ಅದೇ ವರ್ಷ ಬ್ರಿಟನ್ನಿನಲ್ಲಿ ಜಿಬಿಡ್ಯೂರೊ ಎಂಬ ಸುಮಾರು 2,000 ಕಿಲೊಮೀಟರಿನ ಪಂದ್ಯದವರು ಇನ್ನೊಂದು ದಾರಿ ಹಿಡಿದರು. ಪಂದ್ಯ ನಡೆಸಿದರು, ಆದರೆ ದಾರಿಯಲ್ಲಿ ಅಂಗಡಿಗೆ ಕಾಲಿಡುವಂತಿಲ್ಲ, ಅಷ್ಟೂ ದಿನದ ಊಟ ಹೊರಡುವಾಗಲೇ ಸೈಕಲ್ ಮೇಲಿರಬೇಕು ಎಂದರು. ಬುತ್ತಿ ಕಟ್ಟಿಕೊಂಡು ತಿರುಪತಿಗೆ ನಡೆದು ಹೋಗುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಹೊಸ ವಿಷಯವೇನೂ ಆಗುತ್ತಿರಲಿಲ್ಲ.

ಜಾತ್ರೆ ನಿಂತರೂ ದಾರಿ ಎಲ್ಲಿಗೂ ಹೋಗುವುದಿಲ್ಲ ಎಂಬುದು ಆ ವರ್ಷ ಬಹಳ ಜನರಿಗೆ ಹೊಳೆಯಿತು. ನಿಜ ಹೇಳಬೇಕೆಂದರೆ ಈ ಆಟ ಹುಟ್ಟಿದ್ದೇ ಹಾಗೆ. ಕೆನಡಾದಿಂದ ಮೆಕ್ಸಿಕೊ ಗಡಿಯವರೆಗೆ ರಾಕಿ ಪರ್ವತಗಳ ಬೆನ್ನಿನ ಮೇಲೆ ಹಾದುಹೋಗುವ ಗ್ರೇಟ್ ಡಿವೈಡ್ ಮಾರ್ಗದ ನಕ್ಷೆಯನ್ನು ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಹೊರತಂದದ್ದು 1990ರ ದಶಕದ ಕೊನೆಗೆ. 1999ರಲ್ಲಿ ಜಾನ್ ಸ್ಟ್ಯಾಮ್‌ಸ್ಟ್ಯಾಡ್ ಎಂಬ ಸವಾರ ಆ ಸುಮಾರು 4,000 ಕಿಲೊಮೀಟರನ್ನು ಒಬ್ಬನೇ 18 ದಿನ 5 ಗಂಟೆಯಲ್ಲಿ ಮುಗಿಸಿದ. ಎದುರಾಳಿ ಇಲ್ಲ, ಚಪ್ಪಾಳೆ ಇಲ್ಲ, ಪದಕ ಇಲ್ಲ. ‘ಟೂರ್ ಡಿವೈಡ್’ ಎಂಬ ಹೆಸರಿನಲ್ಲಿ ಜನ ಗುಂಪಾಗಿ ಹೊರಡತೊಡಗಿದ್ದು 2008ರಲ್ಲಿ. ಅಂದರೆ ಒಂಟಿ ಸವಾರಿ ಮೊದಲು ಬಂತು, ಇವೆಂಟು ಆಮೇಲೆ.

ಹಾಗೆಂದು ಸಂಘಟಕರನ್ನು ಹಗುರ ಮಾಡುವ ಮಾತಲ್ಲ ಇದು. ಅವರು ಕೊಡುವುದು ಪದಕ, ಟೀಶರ್ಟು, ಬಾಳೆಹಣ್ಣು ಎಂದು ನಾನೂ ತಿಳಿದಿದ್ದೆ. ಹಾಳೆ ಮುಂದಿಟ್ಟುಕೊಂಡು ಕೂತಾಗ ಗೊತ್ತಾಯಿತು, ಅವರು ನಮ್ಮ ಪರವಾಗಿ ಚಿಂತೆ ಮಾಡುತ್ತಾರೆ. ಅದರಲ್ಲೂ ಒಂದು ಚಿಂತೆ ದೊಡ್ಡದು: ಸಾಕು, ಇನ್ನು ವ್ಯಾನ್ ಹತ್ತು ಎಂದು ಹೇಳುವುದು. ಒಂಟಿಯಾಗಿ ಹೊರಟವನಿಗೆ ಆ ಮಾತು ಹೇಳುವವರಿಲ್ಲ. ಆದ್ದರಿಂದ ಅದನ್ನು ಮನೆಯಲ್ಲೇ, ತಲೆ ತಣ್ಣಗಿರುವಾಗಲೇ, ಬರೆದುಕೊಂಡು ಹೊರಡಬೇಕು.

ಮೊದಲನೆಯ ಪ್ರಶ್ನೆ, ಯಾವ ದಾರಿ. ಕ್ಯಾನ್ಸಸ್‌ನಂಥ ರಾಜ್ಯಗಳವರಿಗೆ ಇದು ಸುಲಭ. 1785ರ ಭೂ ಕಾಯ್ದೆಯ ಪ್ರಕಾರ ಅಲ್ಲಿನ ನೆಲವನ್ನೆಲ್ಲ ಮೈಲಿಗೊಂದರಂತೆ ಚೌಕ ಹಾಕಿ ಅಳೆದರು. ಚೌಕದ ಅಂಚುಗಳೇ ಮುಂದೆ ಮಣ್ಣುರಸ್ತೆಗಳಾದವು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಮಣ್ಣುದಾರಿ ಹುಟ್ಟಿದ್ದು ಎತ್ತಿನ ಗಾಡಿಯಿಂದ, ಕೆರೆ ಏರಿಯಿಂದ, ಕಾಲುವೆಯಿಂದ. ಅದು ಸೊಟ್ಟ. ಒಮ್ಮೊಮ್ಮೆ ಯಾರದೋ ಕೊಟ್ಟಿಗೆಯ ಮುಂದೆ ಮುಗಿದೇ ಹೋಗುತ್ತದೆ.

ಮೊಬೈಲಿನ ಸಾಮಾನ್ಯ ಮ್ಯಾಪು ಕಾರಿನವರಿಗೆ ಮಾಡಿದ್ದು, ಅದು ನಮ್ಮನ್ನು ಎಳೆದು ಎಳೆದು ಹೈವೇಗೇ ತರುತ್ತದೆ. ನಾನು ಮೂರು ನಕ್ಷೆ ನೋಡಿದೆ. ಸರ್ವೆ ಆಫ್ ಇಂಡಿಯಾದ ಟೋಪೊಶೀಟು: 2 ಸೆಂಟಿಮೀಟರಿಗೆ ಒಂದು ಕಿಲೊಮೀಟರ್, ಬಂಡಿದಾರಿ, ಕಾಲುದಾರಿ, ಗುಡ್ಡದ ಏರಿಳಿತ ಎಲ್ಲ ಅದರಲ್ಲಿದೆ, ಆದರೆ ಹಳತು. ಜನರೇ ಕೂಡಿ ತಿದ್ದುವ ಓಪನ್‌ಸ್ಟ್ರೀಟ್‌ಮ್ಯಾಪ್: ಹೊಸದು, ಆದರೆ ತಿದ್ದುವವರಿರುವ ಊರಲ್ಲಿ ಮಾತ್ರ. ಮೂರನೆಯದು ರಾಜ್ಯದ ಭೂದಾಖಲೆ ಇಲಾಖೆಯ ದಿಶಾಂಕ್ ಆ್ಯಪ್. ರೈತರು ಸರ್ವೆ ನಂಬರು ಹುಡುಕುವುದಕ್ಕೆ ಬಳಸುವ ಇದು ಸೈಕಲ್ಲಿನವರಿಗೂ ನಿಧಿ, ಏಕೆಂದರೆ ಇದರಲ್ಲಿರುವುದು ಗ್ರಾಮ ನಕಾಶೆ. ತಾಲ್ಲೂಕು ಕಚೇರಿಯ ಭಾಷೆಯಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿದೆ. ಗ್ರಾಮ ನಕಾಶೆಯಲ್ಲಿ ಗುರುತಾದ ದಾರಿ ಸಾರ್ವಜನಿಕರದು. ಹಾಗಿಲ್ಲದ್ದು ಯಾರದೋ ಹೊಲದ ಬದು. ಒಂಟಿಯಾಗಿ ಹೋಗುವವನಿಗೆ ಈ ವ್ಯತ್ಯಾಸ ಮುಖ್ಯ. ಬೇರೆಯವರ ತೋಟದ ನಡುವೆ ಹೆಲ್ಮೆಟ್ ಹಾಕಿಕೊಂಡು ನಿಂತು ಸಮಜಾಯಿಷಿ ಕೊಡುವುದು ಯಾರಿಗೂ ಶೋಭೆಯಲ್ಲ.

ನಾನು ಮಂಡ್ಯ ಆರಿಸಿಕೊಂಡೆ. ಕಾರಣ ಎರಡು, ವಿಶ್ವೇಶ್ವರಯ್ಯ ನಾಲೆ ಮತ್ತು ಷಡ್ಡಕನ ಮನೆ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆ ಸುರಂಗದಲ್ಲಿ ಗುಡ್ಡದ ಹೊಟ್ಟೆ ಹೊಕ್ಕು ಬರುವ ಈ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಉದ್ದಕ್ಕೂ ಕವಲೊಡೆದಿದೆ. ಕವಲಿಗೊಂದು ಏರಿ, ಏರಿಯ ಮೇಲೆ ಮಣ್ಣುದಾರಿ, ನೆರಳು, ಏರಿಳಿತ ಕಡಿಮೆ. ನಕ್ಷೆಯಲ್ಲಿ ಸ್ವರ್ಗ.

ಷಡ್ಡಕನಿಗೆ ಫೋನ್ ಮಾಡಿ ಆ ಕಡೆಯ ಒಬ್ಬ ನೀರುಗಂಟಿಯ ನಂಬರ್ ಪಡೆದೆ. ಯಾವ ಉಪಗ್ರಹ ಚಿತ್ರವೂ ಹೇಳದ ಸಂಗತಿಯನ್ನು ಆತ ಅರ್ಧ ನಿಮಿಷದಲ್ಲಿ ಹೇಳಿದ. “ಏರಿ ಮ್ಯಾಲೆ ಈಗ ಆಗಾಕಿಲ್ಲ ಕನ ಸಾ. ನಾಲೆ ಕೆಲ್ಸ ನಡೀತಾದೆ, ಜೆಸಿಬಿ ಬುಟ್ಟವ್ರೆ. ಆ ಕಡೆ ಊರೊಳಗಿಂದ ಬಂಡಿದಾರಿ ಅದೆ, ಅಲ್ಲೋಗಿ.” ಆಮೇಲೆ ತಾನಾಗಿಯೇ ಸೇರಿಸಿದ: “ಕತ್ತಲಲ್ಲಿ ಮಾತ್ರ ನಾಲೆ ದಂಡೆಗೆ ಬರಬ್ಯಾಡಿ.” ಅವನು ವಿವರಿಸಲಿಲ್ಲ, ವಿವರಿಸಬೇಕಾಗಿಯೂ ಇರಲಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಹೋದರು. ಬಸ್ಸನ್ನೇ ನುಂಗಿದ ದಂಡೆಗೆ ಸೈಕಲ್ಲು ಯಾವ ಲೆಕ್ಕ?

ದಾರಿಯ ಆಕಾರದ ಬಗ್ಗೆಯೂ ಒಂದು ಮಾತು. ಬೆಂಗಳೂರಿಂದ ಹೊರಟು ಇಷ್ಟು ದೂರದ ಇಂಥ ಊರು ಮುಟ್ಟಿದೆ ಎನ್ನುವುದು ಹೇಳಿಕೊಳ್ಳುವುದಕ್ಕೆ ಚೆನ್ನ, ಒಂಟಿಗೆ ಕೆಟ್ಟದ್ದು. ನೇರ ದಾರಿಯಲ್ಲಿ ಕೆಟ್ಟು ನಿಂತ ಜಾಗ ಎರಡೂ ತುದಿಗೆ ದೂರ. ಎಂಟರ ಆಕಾರ ಒಳ್ಳೆಯದು, ಇಂಗ್ಲಿಷಿನ ಎಂಟು. ನಮ್ಮ ಕನ್ನಡದ ಎಂಟಿನ ಕೊಂಡಿ ಕೂಡುವುದೇ ಇಲ್ಲ. ನಡುವೆ ಮಂಡ್ಯ, ಮೇಲಿನ ಸುತ್ತು ಕೆರಗೋಡು, ಬಸರಾಳು ಕಡೆ, ಕೆಳಗಿನ ಸುತ್ತು ಕೊತ್ತತ್ತಿ ಕಡೆ. ಎಲ್ಲಿ ನಿಂತರೂ ಪೇಟೆ 25-30 ಕಿಲೊಮೀಟರಿನ ಒಳಗೆ. ಊಟಕ್ಕೆ ಷಡ್ಡಕನ ಮನೆ ಸರಿಯಾಗಿ ಸೊಂಟದ ಜಾಗದಲ್ಲಿ.

ಎರಡನೆಯ ಪ್ರಶ್ನೆ, ಎಷ್ಟು ಹೊತ್ತಿಗೆ ಎಲ್ಲಿ. ಜನವರಿಯಲ್ಲಿ ಮಂಡ್ಯದ ಕಡೆ ಬೆಳಕು ಹರಿದು ಸೂರ್ಯ ಕಾಣುವಾಗ ಆರೂಮುಕ್ಕಾಲು, ಮುಳುಗುವುದು ಆರೂಕಾಲರ ಆಸುಪಾಸು. ಹತ್ತಿರಹತ್ತಿರ ಹನ್ನೊಂದೂವರೆ ತಾಸು. ಸಂಜೆಯ ಒಂದು ತಾಸನ್ನು ಮುಟ್ಟುವಂತಿಲ್ಲ, ಅದು ಪಂಕ್ಚರಿನ ಪಾಲು. ಉಳಿದ ಹತ್ತೂವರೆಯಲ್ಲಿ ಐದನೆಯ ಒಂದು ಪಾಲು ಊಟ, ನೀರು, ದಾರಿ ಕೇಳುವುದು, ಫೋಟೊ. ಮಿಕ್ಕಿದ್ದು ಎಂಟೂ ಚಿಲ್ಲರೆ ತಾಸು. ಟಾರಿನಲ್ಲಿ ಗಂಟೆಗೆ 22-23 ಕಿಲೊಮೀಟರ್ ಹೋಗುವ ನನ್ನ ಕಾಲು ಮಣ್ಣಿನಲ್ಲಿ 15ಕ್ಕೆ ಇಳಿಯುತ್ತದೆ. ಗುಣಿಸಿ ನೋಡಿ: 125 ಕಿಲೊಮೀಟರ್. 200 ಎಂಬ ಅಂಕಿ ಅಲ್ಲೇ ಸತ್ತಿತು.

ಬ್ರೆವೆ, ಅಂದರೆ ಇಂತಿಷ್ಟು ತಾಸಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸಿದವರು ಇದನ್ನು ಒಪ್ಪುವುದಿಲ್ಲ. 200 ಕಿಲೊಮೀಟರಿಗೆ ಹದಿಮೂರೂವರೆ ತಾಸು, ಕತ್ತಲಾದರೆ ಲೈಟು ಹಾಕಿಕೊಂಡು ಹೋಗುವುದು ಎನ್ನುತ್ತಾರೆ. ಟಾರಿನ ಮೇಲೆ, ಹಿಂದೆಮುಂದೆ ಜನರಿರುವಾಗ ಸರಿ. ಕಬ್ಬಿನ ಗದ್ದೆಯ ನಡುವಿನ ಮಣ್ಣುದಾರಿಯಲ್ಲಿ ಕತ್ತಲಾದ ಮೇಲೆ ಒಬ್ಬನೇ ಹೋಗುವುದು ಬೇರೆ ವಿಷಯ. 2022-23ರಲ್ಲಿ ಪಕ್ಕದ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಜನರನ್ನು ಕೊಂದದ್ದು ನೆನಪಿದೆ ತಾನೆ? ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ಶೌರ್ಯ ನನಗೆ ಬೇಡ. ಆನೆ ಇರುವ ಕಾಡಿನ ದಾರಿಯಂತೂ ಹಗಲಿನಲ್ಲೂ ಒಂಟಿ ಸೈಕಲ್ಲಿಗೆ ಸಲ್ಲದು. ಅರಣ್ಯ ಇಲಾಖೆಯ ಅನುಮತಿಯ ಮಾತು ಆಮೇಲಿನದು.

ಮೂರನೆಯ ಪ್ರಶ್ನೆಯೇ ಕಷ್ಟದ್ದು. ವಿದೇಶದ ಒಂಟಿ ಸವಾರರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಅಂಗೈಯಗಲದ ಸಾಧನ ಇಟ್ಟುಕೊಳ್ಳುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆ ಗುಂಡಿ ಒತ್ತಿದರೆ ಸಹಾಯ ಹೊರಡುತ್ತದೆ. ಹೊರದೇಶದಿಂದ ಬರುವ ಬಂಧುಗಳ ಕೈಲಿ ತರಿಸಿಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ನಮಗಿರುವುದು ಮೊಬೈಲು, ತುರ್ತಿಗೆ 112, ಆಂಬುಲೆನ್ಸಿಗೆ 108, ಮತ್ತು ಜನ. ಫೋನನ್ನು ಮ್ಯಾಪಿಗೆ ಬಳಸಿ ಬ್ಯಾಟರಿ ಮುಗಿಸಿಕೊಳ್ಳಬಾರದು. ಮ್ಯಾಪು ಸೈಕಲ್ ಕಂಪ್ಯೂಟರಿನಲ್ಲಿ ಅಥವಾ ಹಳೆಯ ಫೋನಿನಲ್ಲಿ, ಮೊದಲೇ ಇಳಿಸಿಕೊಂಡು. ಪ್ರತಿ ದೊಡ್ಡ ಊರಿಂದ ಮನೆಗೆ ಒಂದು ಎಸ್ಸೆಮ್ಮೆಸ್. ಹೇಳಿದ ಹೊತ್ತಿಗಿಂತ ಎರಡು ತಾಸು ತಡವಾದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದು ಹಾಳೆಯಲ್ಲಿ. ಆ ಹಾಳೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲೆಂದರೆ ಮಂಡ್ಯದ ಒಬ್ಬ ಗೂಡ್ಸ್ ಆಟೊದವರ ನಂಬರು. ಬಸ್ಸಿನವರು ಸೈಕಲ್ ನೋಡಿ ಮುಖ ತಿರುಗಿಸುತ್ತಾರೆ, ರೈಲಿಗೆ ಲಗೇಜ್ ಬುಕ್ ಮಾಡುವ ವ್ಯವಸ್ಥೆ ಎಲ್ಲ ಸ್ಟೇಷನ್ನಿನಲ್ಲಿ ಇರುವುದಿಲ್ಲ. ಗೂಡ್ಸ್ ಆಟೊ ಮಾತ್ರ ಬಂಡಿದಾರಿಯ ಬಾಯಿಗೇ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಗಂಡಸು, ಹಳ್ಳಿಯ ಅರಳಿಕಟ್ಟೆಯ ಮೇಲೆ ಮೈಚಾಚಿದರೂ ಯಾರೂ ಏನೂ ಕೇಳುವುದಿಲ್ಲ. ಪುಣೆಯ ವೇದಾಂಗಿ ಕುಲಕರ್ಣಿ 2018ರಲ್ಲಿ ಒಬ್ಬಳೇ ಸೈಕಲ್ಲಿನಲ್ಲಿ ಜಗತ್ತು ಸುತ್ತಿ ಬಂದಾಗ ಇನ್ನೂ ಇಪ್ಪತ್ತರ ಹುಡುಗಿ. ಸ್ಪೇನಿನಲ್ಲಿ ಚಾಕು ತೋರಿಸಿ ದೋಚಿದರೂ ಬಿಡದೆ ಮುಗಿಸಿದಳು. ಆದರೂ ನನ್ನ ಜೊತೆ ಸವಾರಿ ಮಾಡುವ ಹೆಣ್ಣುಮಕ್ಕಳು ಒಂಟಿ ಮಣ್ಣುದಾರಿಗೆ ಹೊರಡುವ ಮುನ್ನ ಹಾಕುವ ಲೆಕ್ಕ ನನ್ನ ಹಾಳೆಗಿಂತ ಉದ್ದ. ಅದನ್ನು ಅವರೇ ಬರೆದರೆ ಚೆನ್ನ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ, ಅಂಗಡಿಯವರು ಬೇಕಾದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಫ್ಲಿಂಟ್ ಹಿಲ್ಸ್‌ನ ಕಲ್ಲಿಗೆ ಸಮನಾದದ್ದು ನಮ್ಮಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಅದಕ್ಕೆ ಮದ್ದು ಟ್ಯೂಬ್‌ಲೆಸ್ ಟೈರು. ಒಳಗಿನ ಸೀಲೆಂಟ್ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ನೋಡಿಕೊಳ್ಳಿ. ಟ್ಯೂಬ್‌ಲೆಸ್ ಕೈಕೊಟ್ಟರೆ ಹಳ್ಳಿಯ ಸೈಕಲ್ ಶಾಪಿನಲ್ಲಿ ನಮ್ಮ ಅಳತೆಯ ಟ್ಯೂಬು ಸಿಗುವುದಿಲ್ಲ, ಅವರ ಪಂಪು ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಕಿರುಬೆರಳಿನ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಿನಲ್ಲಿರಲಿ. ಬೈಕಿಗೆ ಗಾಳಿ ಹೊಡೆಯುವ ಯಾವ ಪಂಕ್ಚರ್ ಅಂಗಡಿಯೂ ನಿಮ್ಮದಾಗುತ್ತದೆ. ಹಿಂದಿನ ಗೇರು ತೂಗುಹಾಕುವ ಹ್ಯಾಂಗರ್ ಎಂಬ ಪುಟ್ಟ ಅಲ್ಯೂಮಿನಿಯಂ ತುಂಡು ಸೈಕಲ್ಲಿಗೊಂದು ನಮೂನೆ. ಅದು ಮುರಿದರೆ ಬೆಂಗಳೂರಿನಲ್ಲೂ ಹುಡುಕಾಟವೇ. ಇನ್ನೊಂದು ಇಟ್ಟುಕೊಳ್ಳಿ. ನಾನು ಇಟ್ಟುಕೊಂಡದ್ದು ಪುಣ್ಯ.

ಯಾಕೆಂದರೆ ಸಂಕ್ರಾಂತಿ ಎಂದರೆ ಒಕ್ಕಣೆ ಕಾಲ, ಈಗ ಕಣ ಎಂದರೆ ರಸ್ತೆ. ಹೊರಟ ದಿನ ಮೇಲಿನ ಸುತ್ತಿನಲ್ಲಿ, ಬಸರಾಳಿನ 13ನೆಯ ಶತಮಾನದ ಮಲ್ಲಿಕಾರ್ಜುನ ಗುಡಿಯ ನೆರಳಲ್ಲಿ ಚಿಕ್ಕಿ ತಿಂದು, ಹಿಗ್ಗಿನಿಂದ ಇಳಿಜಾರಿನಲ್ಲಿ ಬರುತ್ತಿದ್ದೆ. ತಿರುವಿನಾಚೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಮೊಣಕಾಲುದ್ದ ಹುರುಳಿ ಬಳ್ಳಿ ಹರಡಿತ್ತು. ಬ್ರೇಕ್ ಹಿಡಿದರೆ ಜಾರುತ್ತದೆ ಎಂದು ಹಾಗೇ ನುಗ್ಗಿಸಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ಕಚಕ್ ಎಂದು ನಿಂತಿತು. ಹುರುಳಿ ಬಳ್ಳಿ ಒಣಗಿದ ಮೇಲೆ ತಂತಿಯ ಹಾಗೆ. ಗೇರಿನ ಹಲ್ಲುಗಳ ಸಂದಿಗೆ ಪದರ ಪದರವಾಗಿ ಸುತ್ತಿಕೊಂಡು, ಚೈನನ್ನು ಒಳಕ್ಕೆಳೆದು, ಹ್ಯಾಂಗರನ್ನು ಕಡ್ಡಿಯಂತೆ ಬಗ್ಗಿಸಿತ್ತು.

ರಸ್ತೆ ಪಕ್ಕ ಕೂತು ಚಾಕುವಿನಲ್ಲಿ ಎಳೆ ಎಳೆಯಾಗಿ ಕೀಳತೊಡಗಿದೆ. ಹುರುಳಿಯ ಯಜಮಾನ್ತಿ ಮೊರ ಹಿಡಿದು ಬಂದು ನಿಂತರು. “ಲಾರಿ ಓಡುದ್ರೆ ಕಾಳಾದ್ರೂ ಉದುರ್ತದೆ ಕನಪ್ಪ. ನೀನು ಹೋದ್ರೆ ಬಳ್ಳೀನೂ ಕಿತ್ಕಂಡೋಯ್ತೀಯಲ್ಲ” ಎಂದು ನಕ್ಕು, ತಾವೂ ಪಕ್ಕದಲ್ಲಿ ಕೂತು ಸೆರಗು ಸಿಕ್ಕಿಸಿ, ನನ್ನ ಎರಡರಷ್ಟು ಬೇಗ ಬಿಡಿಸಿದರು. ಹ್ಯಾಂಗರ್ ಬದಲಿಸಿ ಗೇರು ಸರಿಮಾಡುವಾಗ ಒಂದು ತಾಸು ಹೋಗಿತ್ತು. ಮುಂದೆ ನಕಾಶೆ ಕಂಡ ದಾರಿಯೊಂದು ನೆಲದ ಮೇಲೆ ಕಾಣಲೇ ಇಲ್ಲ. ಅರ್ಧ ದಾರಿಯವರೆಗೂ ಕಬ್ಬು ನಾಟಿಯಾಗಿತ್ತು. ವಾಪಸು ತಿರುಗಿದೆ, ಇನ್ನೊಂದು ಅರ್ಧ ತಾಸು. ಆಮೇಲೆ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಬಾಟಲಿಗೆ ನೀರು ಕೇಳಿದವನಿಗೆ ಕಬ್ಬಿನ ತುಂಡಿನ ತುದಿಗೆ ಬಿಸಿ ಬೆಲ್ಲ ಸುತ್ತಿ ಕೊಟ್ಟರು. ಅಲ್ಲಿ ಕಳೆದ ಇಪ್ಪತ್ತು ನಿಮಿಷಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಷಡ್ಡಕನ ಮನೆ ಮುಟ್ಟಿದಾಗ ಎರಡೂಕಾಲು. ಹಾಳೆಯಲ್ಲಿ ನನ್ನದೇ ಕೈಬರಹದಲ್ಲಿತ್ತು: “ಮಂಡ್ಯದಿಂದ 1.30ರೊಳಗೆ ಹೊರಡದಿದ್ದರೆ ಕೆಳಗಿನ ಸುತ್ತು ಇಲ್ಲ.” ಕಾಲು ಗಟ್ಟಿಯಾಗಿತ್ತು, ಬಿಸಿಲು ಹಿತವಾಗಿತ್ತು. ಬೇಗ ಉಂಡು, ಸ್ವಲ್ಪ ಜೋರಾಗಿ ತುಳಿದರೆ ಆರರೊಳಗೆ ಮುಗಿಸಬಹುದು ಎಂದು ಮನಸ್ಸು ವಾದ ಹೂಡಿತು. ಬರೆದಿಟ್ಟಿರದಿದ್ದರೆ ಖಂಡಿತ ಹೋಗುತ್ತಿದ್ದೆ. ಮುದ್ದೆ, ಅವರೆಕಾಳು ಸಾರು ಉಂಡು ಮಲಗಿದೆ. ಅವತ್ತಿನ ಲೆಕ್ಕ 68 ಕಿಲೊಮೀಟರ್. ಗೂಡ್ಸ್ ಆಟೊದವರಿಗೆ ಫೋನ್ ಮಾಡಿ, ಇವತ್ತು ಬೇಕಾಗಲಿಲ್ಲ, ಥ್ಯಾಂಕ್ಸ್ ಎಂದೆ. ಅವರಿಗೆ ಯಾಕೆಂದು ಅರ್ಥವಾಗಲಿಲ್ಲ.

ಸಂಜೆ ಕೂತು ಮಾಡಿದ ಕೆಲಸ ಇನ್ನೊಂದಿದೆ. ಕಬ್ಬು ನುಂಗಿದ ಆ ದಾರಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ‘ಇಲ್ಲಿಂದ ಮುಂದೆ ಹೋಗಲಾಗದು’ ಎಂದು ತಿದ್ದಿದೆ, ಊರೊಳಗಿನ ಬಂಡಿದಾರಿಯನ್ನು ಹೊಸದಾಗಿ ಸೇರಿಸಿದೆ. ಖಾತೆ ತೆರೆಯಲು ಐದು ನಿಮಿಷ, ತಿದ್ದಲು ಹತ್ತು. ದುಡ್ಡಿಲ್ಲ, ಹೆಸರನ್ನು ಕನ್ನಡದಲ್ಲೇ ಹಾಕಬಹುದು. ನಿಮ್ಮ ತಾಲ್ಲೂಕಿನಲ್ಲಿ ನೀವು ತುಳಿದ ಮಣ್ಣುದಾರಿ ಒಂದಾದರೂ ಇದ್ದೀತು. ಈ ವಾರ ಅದನ್ನು ಗುರುತು ಮಾಡಿ.